ನರ, ನರತಂತು, ನರಕೋಶ: ಯಾವ ಮಾತು ಯಾವುದಕ್ಕೆ?

‘ನರ’ ಮತ್ತು ‘ನರಕೋಶ’ವನ್ನು ಒಂದರ ಬದಲು ಇನ್ನೊಂದಾಗಿ ಬಳಸಬಹುದೇ ಎಂಬುದು ಪ್ರಶ್ನೆ. ಬಳಸಬಾರದು. ‘ಮೆದುಳಿನಲ್ಲಿ ಕೋಟ್ಯಂತರ ನರಗಳಿವೆ’ ಎಂಬ ವಾಕ್ಯವನ್ನೇ ನೋಡಿ. ಹೇಳಹೊರಟಿರುವುದು ನರಕೋಶಗಳ ವಿಷಯ. ಮನುಷ್ಯನ ಮೆದುಳಿನಲ್ಲಿ ಅವು ಸುಮಾರು 8,600 ಕೋಟಿ ಇವೆ. ನರಗಳ ಲೆಕ್ಕ ಬೆರಳೆಣಿಕೆಗೆ ಹತ್ತಿರ: ಮೆದುಳಿಗೆ ಸೇರಿದವು 12 ಜೊತೆ, ಬೆನ್ನುಹುರಿಗೆ ಸೇರಿದವು 31 ಜೊತೆ.

ಗೊಂದಲದ ಬೇರು ಆಡುಮಾತಿನಲ್ಲಿದೆ. ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಅಂದರೆ ಅದು ಅಭಿಧಮನಿ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ. ಮುಂಗೈಯಲ್ಲಿ ಹಸಿರಾಗಿ ಉಬ್ಬಿ ಕಾಣುವ ‘ನರ’ವೂ ಅದೇ. ‘ಕುತ್ತಿಗೆ ನರ ಹಿಡ್ಕೊಂಡಿದೆ’ ಅನ್ನುವಾಗ ಬಹುಪಾಲು ಸ್ನಾಯುವಿನ ಮಾತು. ಇದು ಕನ್ನಡಕ್ಕೆ ಮಾತ್ರ ಅಂಟಿದ್ದಲ್ಲ. ಗ್ರೀಕಿನ ‘ನ್ಯೂರಾನ್’ ಪದಕ್ಕೂ ಮೊದಲಿದ್ದ ಅರ್ಥ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಅದನ್ನು ಒಂದು ಕೋಶದ ಹೆಸರಾಗಿ ನಿಲ್ಲಿಸಿದ್ದು 1891ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ವಾಲ್ಡೆಯರ್. ಆಡುಮಾತನ್ನು ತಿದ್ದುವ ಅಗತ್ಯವಿಲ್ಲ, ಆದರೆ ಪಾಠದಲ್ಲಿ, ರೋಗದ ವಿವರಣೆಯಲ್ಲಿ ಗೆರೆ ಸ್ಪಷ್ಟವಾಗಿರಬೇಕು.

ಒಂದು ನರವನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಹೊರಗೆ ಗಟ್ಟಿ ಹೊದಿಕೆ. ಒಳಗೆ ಕಂತೆಕಂತೆಯಾಗಿ ತಂತುಗಳು, ಪ್ರತಿ ಕಂತೆಗೂ ತನ್ನದೇ ಹೊದಿಕೆ, ನಡುನಡುವೆ ಕೊಬ್ಬು ಮತ್ತು ಸಣ್ಣ ರಕ್ತನಾಳಗಳು. ಒಂದೊಂದು ತಂತುವಿನ ನಡುವೆ ಚುಕ್ಕಿಯಂತೆ ಕಾಣುವುದು ಆಕ್ಸಾನ್, ಅಂದರೆ ಸಂದೇಶ ಒಯ್ಯುವ, ನರಕೋಶದ ಉದ್ದನೆಯ ಎಳೆ. ದಪ್ಪ ತಂತುಗಳಲ್ಲಿ ಅದರ ಸುತ್ತ ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆಯ ಉಂಗುರ. ಈ ನೋಟದಲ್ಲಿ ನರಕೋಶದ ಕಾಯ, ಅಂದರೆ ಕೋಶಕೇಂದ್ರವಿರುವ ಮುಖ್ಯ ಭಾಗ, ಸಿಗುವುದೇ ಇಲ್ಲ. ಕಾಣುವ ಕೋಶಕೇಂದ್ರಗಳು ಮುಖ್ಯವಾಗಿ ಆಕ್ಸಾನಿಗೆ ಹೊದಿಕೆಯಾಗುವ ಶ್ವಾನ್ ಕೋಶಗಳವು, ಉಳಿದವು ಹೊದಿಕೆ ಮತ್ತು ರಕ್ತನಾಳದ ಕೋಶಗಳವು. ಆದ್ದರಿಂದ ಆಕ್ಸಾನ್ ಮತ್ತು ಅದರ ಹೊದಿಕೆ ಸೇರಿದರೆ ‘ನರತಂತು’, ತಂತುಗಳ ಕಟ್ಟು ‘ನರ’, ಕಾಯ, ಡೆಂಡ್ರೈಟ್ (ಸಂದೇಶ ಪಡೆಯುವ ಕವಲುಗಳು), ಆಕ್ಸಾನ್ ಎಲ್ಲ ಸೇರಿದ ಇಡೀ ಕೋಶ ‘ನರಕೋಶ’.

ಹೀಗೆ ಬೇರ್ಪಡಿಸದಿದ್ದರೆ ವಿಜ್ಞಾನವೇ ತಪ್ಪಾಗುತ್ತದೆ. ‘ಕಾಲ್ಬೆರಳಿಗೆ ಮುಳ್ಳು ಚುಚ್ಚಿದರೆ ಸಂದೇಶವು ನರಕೋಶದಿಂದ ನರಕೋಶಕ್ಕೆ ದಾಟುತ್ತ ಬೆನ್ನುಹುರಿ ಸೇರುತ್ತದೆ’ ಎಂದು ಬರೆಯುವುದುಂಟು. ಹಾಗಲ್ಲ. ಬೆರಳಿನಿಂದ ಬೆನ್ನುಹುರಿಯವರೆಗೂ ಒಂದೇ ನರಕೋಶ. ಅದರ ತಂತು ಸುಮಾರು ಒಂದು ಮೀಟರ್ ಉದ್ದ. ಕಾಯದ ಅಡ್ಡಳತೆ ಮಾತ್ರ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ಅಥವಾ ಇನ್ನೂ ಕಡಿಮೆ. ಮೊದಲ ಸಿನಾಪ್ಸ್, ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗ, ಬರುವುದು ಬೆನ್ನುಹುರಿಯೊಳಗೆ ಹೋದ ಮೇಲೆ.

ಆ ಕಾಯ ಇರುವ ಜಾಗ ಬೆನ್ನುಹುರಿಯ ಪಕ್ಕದ ಗ್ಯಾಂಗ್ಲಿಯಾನ್, ಅಂದರೆ ಅಂಥ ಕಾಯಗಳು ಗುಂಪಾಗಿರುವ ಉಬ್ಬು. ಇದಕ್ಕೆ ‘ನರಗ್ರಂಥಿ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸಂಸ್ಕೃತದಲ್ಲಿ ಗ್ರಂಥಿಗೆ ಗಂಟು ಎಂಬ ಅರ್ಥ ಸರಿಯೇ. ಆದರೆ ಥೈರಾಯ್ಡ್ ಗ್ರಂಥಿ, ಲಾಲಾಗ್ರಂಥಿ ಓದಿ ಬೆಳೆದ ಕನ್ನಡಿಗರು ಇದೂ ಏನನ್ನೋ ಸ್ರವಿಸುತ್ತದೆ ಎಂದೇ ತಿಳಿಯುತ್ತಾರೆ. ‘ನರಗಂಟು’ ಸಾಕು.

ಇನ್ನು ಗ್ಲಿಯಾ, ಅಂದರೆ ನರವ್ಯೂಹದಲ್ಲಿ ನರಕೋಶಗಳ ಜೊತೆಗಿರುವ ಇತರ ಕೋಶಗಳ ವಿಷಯ. 1856ರಲ್ಲಿ ಜರ್ಮನಿಯ ವೈದ್ಯವಿಜ್ಞಾನಿ ವಿರ್ಖೋ ಕೊಟ್ಟ ಹೆಸರು, ಗ್ರೀಕಿನಲ್ಲಿ ಅಂಟು ಎಂದರ್ಥ. ‘ಆಧಾರಕೋಶ’ ಎಂದರೆ ಅವುಗಳ ಅರ್ಧ ಕೆಲಸವೂ ಹೇಳಿದಂತಾಗದು: ಆಸ್ಟ್ರೊಸೈಟ್ ಎಂಬ ಬಗೆಯದು ಸಿನಾಪ್ಸಿನ ಸುತ್ತಲಿನ ಪೊಟ್ಯಾಸಿಯಮ್, ಗ್ಲುಟಮೇಟ್ (ಸಂದೇಶ ದಾಟಿಸುವ ರಾಸಾಯನಿಕ) ಹೀರಿ ತೆಗೆಯುತ್ತದೆ, ಮೈಕ್ರೊಗ್ಲಿಯಾ ಎಂಬುದು ರೋಗನಿರೋಧಕ ಕೋಶ. ‘ಗ್ಲಿಯಾ ಕೋಶ’ ಎಂದೇ ಇಟ್ಟುಕೊಳ್ಳುವುದು ಒಳ್ಳೆಯದು. ಅವು ನರಕೋಶಗಳ ಹತ್ತು ಪಟ್ಟು ಎಂಬ ಹಳೆಯ ಲೆಕ್ಕವನ್ನು ಕೈಬಿಡಿ. ಮೆದುಳಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ.

ಮಯಲಿನ್ ಬಗ್ಗೆ ಬರೆಯುವಾಗ ಕೋಶದ ಹೆಸರನ್ನು ಬಿಡಬೇಡಿ. ನರಗಳಲ್ಲಿ ಒಂದು ಶ್ವಾನ್ ಕೋಶ ಒಂದೇ ಆಕ್ಸಾನಿನ ಒಂದು ತುಂಡಿಗೆ ಸುತ್ತುತ್ತದೆ. ಮೆದುಳು, ಬೆನ್ನುಹುರಿಯಲ್ಲಿ ಆಲಿಗೊಡೆಂಡ್ರೊಸೈಟ್ ಎಂಬ ಒಂದು ಗ್ಲಿಯಾ ಕೋಶ ಹಲವು ಆಕ್ಸಾನುಗಳಿಗೆ ಸುತ್ತುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಹಾಳಾಗುವುದು ಈ ಎರಡನೆಯ ಬಗೆಯ ಮಯಲಿನ್, ಗಿಯಾನ್-ಬಾರೆ ಎಂಬ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲನೆಯದು. ಎರಡನ್ನೂ ‘ನರದೌರ್ಬಲ್ಯ’ ಎಂದು ಬರೆದರೆ ಓದುವವರಿಗೆ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದೇ ತಿಳಿಯುವುದಿಲ್ಲ.