ಅಪ್‌ಡೇಟ್: ಜಾರ್ಖಂಡ್ ಕಾರ್ಡಿಗೆ ಹುಬ್ಬಳ್ಳಿಯಲ್ಲೇ ರೇಷನ್ ಸಿಕ್ಕಿತು

ನಮ್ಮ ಗೋಕುಲ ರೋಡಿನಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ಜಾರ್ಖಂಡ್ ಕುಟುಂಬಕ್ಕೆ ಇಲ್ಲಿ ರೇಷನ್ ಸಿಗುತ್ತಾ ಅಂತ ಕೇಳಿದ್ದೆ. ಸಿಕ್ಕಿತು! ಹೊಸ ಕಾರ್ಡ್ ಬೇಕಿಲ್ಲ. ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯಲ್ಲಿ ಅವರೂರಿನ ಕಾರ್ಡೇ ನಡೆಯುತ್ತದೆ, ಆಧಾರ್ ಜೋಡಣೆ ಆಗಿರಬೇಕು ಅಷ್ಟೇ. ಒಂದು ಅಂಗಡಿಯಲ್ಲಿ "ಹೊರಗಿನ ಕಾರ್ಡ್ ಬರಲ್ಲ" ಅಂತ ಸುಮ್ನೆ ವಾಪಸ್ ಕಳಿಸಿದ್ದರು, ಬಹಳ ಬೇಜಾರಾಗಿತ್ತು. ಇನ್ನೊಂದು ಕಡೆ ಹೋದರೆ ಆ ಕುಟುಂಬದ ಅಣ್ಣನ ಹೆಬ್ಬೆರಳನ್ನು ಮಷೀನ್ ತಗೊಳ್ಳಲೇ ಇಲ್ಲ. ಸಿಮೆಂಟ್ ಕಲಸಿ ಕಲಸಿ ಗೆರೆಗಳೇ ಸವೆದಿವೆ. ಕಾರ್ಡಿನಲ್ಲಿ ಹೆಸರಿರುವ ಯಾರ ಬೆರಳಾದರೂ ಸಾಕಲ್ವಾ, ಅವರ ಹೆಂಡತಿ ಒತ್ತಿದ ತಕ್ಷಣ ರಸೀದಿ ಬಂತು. ತಲೆಗೆ 5 ಕೆಜಿ ಧಾನ್ಯ, ಪೂರ್ತಿ ಉಚಿತ. ಊರಲ್ಲಿರುವ ತಾಯಿಯ ಪಾಲು ಅಲ್ಲೇ ಸಿಗುತ್ತದೆ. ಈಗ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿಗೆ ಓಡಾಡುತ್ತಿದ್ದೇವೆ. ಅದಕ್ಕೆ ಬೇಕಾದ, ವರ್ಷದಲ್ಲಿ 90 ದಿನ ದುಡಿದಿದ್ದಾರೆ ಅನ್ನುವ ಪತ್ರಕ್ಕೆ ಗುತ್ತಿಗೆದಾರರ ಸಹಿ ಬಾಕಿ ಇದೆ.