ನಿಮ್ಮದು ಯಾವ ಜಾತಿ?

ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಬ್ಬ ಅಪರಿಚಿತರು ಇನ್ನೊಬ್ಬ ಅಪರಿಚಿತರಿಗೆ ಅಡ್ಡ ನಿಂತು, ದನಿ ತಗ್ಗಿಸದೆ, "ನಿಮ್ಮದು ಯಾವ ಜಾತಿ?" ಎಂದು ಕೇಳಬಹುದಾದ ಜಾಗ ಒಂದೇ ಒಂದು. ಅದು ಉದ್ಯಾನದ ಹಿಂದಿನ ಗೇಟಿನ ಬಳಿ ಇರುವ ಕಲ್ಲುಬೆಂಚು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಅಲ್ಲಿ ಈ ಪ್ರಶ್ನೆಗೆ ಯಾರೂ ಮುಖ ಗಂಟು ಹಾಕಿಕೊಳ್ಳುವುದಿಲ್ಲ. "ಶುದ್ಧ ಜರ್ಮನ್" ಎಂದು ಎದೆಯುಬ್ಬಿಸುತ್ತಾರೆ. ಕೆಲವರಂತೂ ಮೊಬೈಲ್ ತೆರೆದು ಮೂರು ತಲೆಮಾರಿನ ವಂಶಾವಳಿಯ ಕಾಗದವನ್ನೇ ತೋರಿಸುತ್ತಾರೆ. ನನಗಾದರೋ ಶ್ರಾದ್ಧದ ದಿನ ಪುರೋಹಿತರು ಮುತ್ತಜ್ಜನ ಹೆಸರು ಕೇಳಿದಾಗ ಎದ್ದು ಹೋಗಿ ಅಣ್ಣನಿಗೆ ಫೋನ್ ಮಾಡಬೇಕು.

ನನ್ನದು ಗುಂಡ. ಆರು ವರ್ಷದ ಹಿಂದೆ 8,000 ರೂಪಾಯಿ ಕೊಟ್ಟು ತಂದಾಗ ಅವನು ಲ್ಯಾಬ್ರಡಾರ್ ಆಗಿದ್ದ. ಎರಡು ತಿಂಗಳು ಕಳೆಯುವಷ್ಟರಲ್ಲಿ ಜೋತುಬಿದ್ದಿದ್ದ ಕಿವಿಗಳಲ್ಲಿ ಒಂದು ಎದ್ದು ನಿಂತಿತು. ಇನ್ನೊಂದು ಅದನ್ನು ನೋಡಿ ಯೋಚಿಸತೊಡಗಿತು. ಲ್ಯಾಬ್ರಡಾರ್‌ನ ಬಾಲ ನೀರುನಾಯಿಯದರಂತೆ ಬುಡದಲ್ಲಿ ದಪ್ಪ, ತುದಿಯವರೆಗೆ ನೇರ ಇರಬೇಕಂತೆ. ಗುಂಡನದು ಬೆನ್ನಿನ ಮೇಲೆ ಸುತ್ತಿಕೊಂಡು ಚಕ್ಕುಲಿಯಾಯಿತು. ಮಾರಿದವನಿಗೆ ಫೋನ್ ಮಾಡಿದೆ. "ಚಿಂತೆ ಮಾಡಬೇಡಿ ಸರ್, ಮೂರು ತಿಂಗಳಲ್ಲಿ ನೆಟ್ಟಗಾಗುತ್ತದೆ" ಎಂದ. ನಾಯಿಯ ಬಾಲ ನೆಟ್ಟಗಾಗುತ್ತದೆ ಎಂದು ಒಬ್ಬ ಹೇಳಿದ. ಹುಟ್ಟಿದಂದಿನಿಂದ ಕನ್ನಡವನ್ನೇ ಆಡಿಕೊಂಡು ಐವತ್ತು ದಾಟಿದ ನಾನು "ಹಾಗಾದರೆ ಸರಿಯಪ್ಪ" ಎಂದು ಫೋನ್ ಇಟ್ಟೆ. ಈ ಪ್ರಸಂಗವನ್ನು ಬೆಂಚಿನವರು ವಾರಕ್ಕೊಮ್ಮೆ ನನ್ನಿಂದ ಹೊಸದಾಗಿ ಹೇಳಿಸಿಕೊಂಡು ನಗುತ್ತಾರೆ.

ಬೆಂಚಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರು ಸ್ನೋಯಿ ರಾಯರು. ಶಿ ತ್ಸು ಸಾಕಿದವರು ಕೋಕೋ ಅಮ್ಮ. ಚಳಿನಾಡಿನ ಹಸ್ಕಿ ನಾಯಿ ಸಾಕಿ ಅದಕ್ಕೆ ಮಲಗಲು ತನ್ನ ಕೋಣೆ, ಹವಾನಿಯಂತ್ರಣ ಎರಡನ್ನೂ ಬಿಟ್ಟುಕೊಟ್ಟು ತಾನು ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಮಲಗುವ ಸಾಫ್ಟ್‌ವೇರಿನವನು ಶ್ಯಾಡೋ ಹುಡುಗ. ಬಾಗಲಕೋಟೆ ಕಡೆಯಿಂದ ಮಗನ ಮನೆಗೆ ಬಂದಿರುವ ದೇಸಾಯರ ಬಳಿ ಬಾಣ ಎಂಬ ಮುಧೋಳ ನಾಯಿ ಇದೆ. ಇನ್ನು ಮೇಷ್ಟ್ರು, ಇತಿಹಾಸದ ಪಾಠ ಹೇಳಿ ನಿವೃತ್ತರಾದವರು. ಅವರಿಗೆ ನಾಯಿ ಇಲ್ಲ, ನಾಯಿ ಕಂಡರೆ ಭಯವೂ ಇದೆ. ಆದರೂ ದಿನಾ ಬಂದು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಕಾಲು ಕೆಳಗೆ ಬಿಡುವುದಿಲ್ಲ.

ಕಳೆದ ಭಾನುವಾರ ಜಗಳ ತೆಗೆದವನು ಶ್ಯಾಡೋ ಹುಡುಗ.

"ಅಂಕಲ್, ತಪ್ಪು ತಿಳಿಯಬೇಡಿ. ನಿಮ್ಮ ಸ್ನೋಯಿ ಪಾಮರೇನಿಯನ್ ಅಲ್ಲ. ನಮ್ಮ ದೇಶದಲ್ಲಿ ಪಾಮರೇನಿಯನ್ ಎಂದು ಕರೆಯುವುದೆಲ್ಲ ಸಾಮಾನ್ಯವಾಗಿ ಇಂಡಿಯನ್ ಸ್ಪಿಟ್ಜ್. ಅಸಲು ಪಾಮರೇನಿಯನ್ ಮೂರು ಕಿಲೋ ಆಸುಪಾಸು ಇರುತ್ತದೆ, ಅಷ್ಟೇ."

ರಾಯರು ಸ್ನೋಯಿಯನ್ನು ನೋಡಿದರು. ಹನ್ನೊಂದು ಕಿಲೋದ ಸ್ನೋಯಿ ರಾಯರನ್ನು ನೋಡಿತು.

"ನಮ್ಮ ಮನೆಯಲ್ಲಿ ಇದು ನಾಲ್ಕನೆಯ ಸ್ನೋಯಿ. ಮೂವತ್ತು ವರ್ಷದಿಂದ ಪಾಮರೇನಿಯನ್. ನೀನು ಹುಟ್ಟುವ ಮೊದಲಿನಿಂದ ಪಾಮರೇನಿಯನ್" ಎಂದರು ರಾಯರು, ಸಾಲದ ಅರ್ಜಿಯನ್ನು ತಿರಸ್ಕರಿಸುವ ದನಿಯಲ್ಲಿ.

ಮೇಷ್ಟ್ರು ನಡುವೆ ಬಂದರು. "ನಾಯಿಗಳ ಹೆಸರನ್ನು ನಂಬಿದವರು ಕೆಟ್ಟರು ರಾಯರೇ. ಗ್ರೇಟ್ ಡೇನ್ ಎನ್ನುತ್ತಾರೆ, ಅದು ಡೆನ್ಮಾರ್ಕಿನದಲ್ಲ, ಜರ್ಮನಿಯದು. ಆಸ್ಟ್ರೇಲಿಯನ್ ಶೆಫರ್ಡ್ ರೂಪುಗೊಂಡದ್ದು ಅಮೆರಿಕದಲ್ಲಿ. ಲ್ಯಾಬ್ರಡಾರ್‌ನ ಹಿರಿಯರು ಲ್ಯಾಬ್ರಡಾರ್‌ನವರಲ್ಲ, ಪಕ್ಕದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ಜೊತೆಗಿದ್ದ ನಾಯಿಗಳು."

"ಹಾಗಾದರೆ ನನ್ನ ಗುಂಡ ಲ್ಯಾಬ್ರಡಾರ್ ಅಲ್ಲದಿದ್ದರೆ ಅದೊಂದು ದೊಡ್ಡ ವಿಷಯವಲ್ಲ. ಲ್ಯಾಬ್ರಡಾರೇ ಲ್ಯಾಬ್ರಡಾರ್ ಅಲ್ಲ" ಎಂದೆ. ಯಾರೂ ಕಿವಿಗೊಡಲಿಲ್ಲ.

"ಅಲ್ಸೇಷನ್ ಕಥೆ ಇನ್ನೂ ಚೆನ್ನ" ಎಂದು ಮೇಷ್ಟ್ರು ಮುಂದುವರಿಸಿದರು. "ಜರ್ಮನಿಯ ಒಬ್ಬ ಕುದುರೆಪಡೆಯ ಅಧಿಕಾರಿ 1899ರಲ್ಲಿ ಒಂದು ಕುರಿನಾಯಿಯನ್ನು ಕೊಂಡು ಕಟ್ಟಿದ ತಳಿ ಅದು, ಅಸಲು ಹೆಸರು ಜರ್ಮನ್ ಶೆಫರ್ಡ್. ಮೊದಲ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಜರ್ಮನ್ ಎಂಬ ಪದವೇ ಬೇಡವಾಯಿತು. ನಾಯಿ ಬೇಕು, ಹೆಸರು ಬೇಡ. ಅಲ್ಸೇಷನ್ ಎಂದು ನಾಮಕರಣ ಮಾಡಿದರು. ಅಲ್ಲಿನ ಕೆನೆಲ್ ಕ್ಲಬ್ಬಿನವರು ಹಳೆಯ ಹೆಸರಿಗೆ ಮತ್ತೆ ಒಪ್ಪಿದ್ದು 1977ರಲ್ಲಿ."

"ಅದಕ್ಕೇ ನಮ್ಮ ಮಾವ ಅಲ್ಸೇಷನ್ ಎನ್ನುತ್ತಿದ್ದರು, ನನ್ನ ಮಗಳು ಜರ್ಮನ್ ಶೆಫರ್ಡ್ ಡಾಗ್ ಎಂಬುದನ್ನು ಚಿಕ್ಕದು ಮಾಡಿ ಜಿ.ಎಸ್.ಡಿ. ಎನ್ನುತ್ತಾಳೆ" ಎಂದರು ಕೋಕೋ ಅಮ್ಮ. "ನನ್ನ ಅತ್ತೆ ಮಾತ್ರ ಮೊದಲಿನಿಂದಲೂ ಪೊಲೀಸ್ ನಾಯಿ ಎಂದೇ ಕರೆಯುತ್ತಿದ್ದರು. ಅವರಿಗೆ ಯಾವ ಯುದ್ಧದಿಂದಲೂ ತೊಂದರೆಯಾಗಲಿಲ್ಲ."

ಅಷ್ಟರಲ್ಲಿ ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ಬಾಣನ ಪಕ್ಕೆಲುಬನ್ನು ಎಣಿಸುವವರಂತೆ ನಿಂತು, "ಪಾಪ, ಊಟ ಹಾಕುವುದಿಲ್ಲವೇ?" ಎಂದು ಕೇಳಿ ಮುಂದೆ ಹೋದರು. ದೇಸಾಯರಿಗೆ ದಿನವೂ ಕನಿಷ್ಠ ಮೂವರಿಂದ ಈ ಬೈಗುಳ ಸಲ್ಲುತ್ತದೆ.

"ಇದರ ಮೈಕಟ್ಟೇ ಹೀಗೆ ಎಂದು ಎಷ್ಟು ಮಂದಿಗೆ ಹೇಳಲಿ ರೀ? ಬೇಟೆನಾಯಿ, ಕಣ್ಣಿನಿಂದ ಗುರಿ ಹಿಡಿದು ಓಡುವ ಜಾತಿ. ಮುಧೋಳದ ರಾಜರು, ಘೋರ್ಪಡೆ ಮನೆತನದವರು ಬೆಳೆಸಿದ ತಳಿ. ನಮ್ಮ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ಇದಕ್ಕಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಾರೆ. ಸೈನ್ಯದವರು ಮೀರತ್ತಿಗೆ ಒಯ್ದು ತರಬೇತಿ ಕೊಟ್ಟಿದ್ದಾರೆ. 2005ರಲ್ಲಿ ಅಂಚೆ ಇಲಾಖೆಯವರು ಇದರ ಅಂಚೆಚೀಟಿ ತಂದಿದ್ದಾರೆ!"

"ನೋಡಿದರೇ ಗೊತ್ತಾಗುತ್ತದೆ. ಪಕ್ಕದಿಂದ ನೋಡಿದರೆ ಅಂಚೆಚೀಟಿಯಷ್ಟೇ ದಪ್ಪವಿದೆ" ಎಂದರು ರಾಯರು. ಪಾಮರೇನಿಯನ್ ಕೈತಪ್ಪಿದ ಸಂಕಟ ಅವರಿಗೆ ಇನ್ನೂ ಇಳಿದಿರಲಿಲ್ಲ. ಅದೇ ಸಂಕಟದಲ್ಲಿ ಅವರು ಕೋಕೋ ಕಡೆಗೆ ತಿರುಗಿದರು. "ಎಲ್ಲರ ಜಾತಿಯನ್ನೂ ಕೆದಕಿದ್ದಾಯಿತಲ್ಲ. ನಿಮ್ಮದು ಏನಮ್ಮಾ, ಅದೇನೋ... ಶೀ... ಛೂ?"

ಕನ್ನಡ ನಾಡಿನ ಬೇಟೆನಾಯಿಯೊಂದರ ಮುಂದೆ ಆಡಬಾರದ ಮಾತು ಒಂದೇ. ರಾಯರು ಅದನ್ನೇ, ಅದೂ ಸ್ಪಷ್ಟವಾಗಿ, ಆಡಿದ್ದರು. ದೇಸಾಯರ ಕೈಯಲ್ಲಿದ್ದ ಹಗ್ಗ ಇದ್ದಕ್ಕಿದ್ದಂತೆ ಹಗುರಾಯಿತು. ಬಾಣ ಹೂವಿನ ಪಾತಿಯನ್ನು ದಾಟಿ, ಯೋಗ ಮಾಡುತ್ತಿದ್ದವರ ನಡುವೆ ತೂರಿ, ನೀರಿನ ತೊಟ್ಟಿಯ ಹತ್ತಿರ ಒಂದು ಚುಕ್ಕೆಯಾಯಿತು. ಶವಾಸನದಲ್ಲಿದ್ದವರೆಲ್ಲ ಎದ್ದು ಕುಳಿತರು. ಅಟ್ಟಿಸಿಕೊಂಡು ಹೋಗಲು ಅಲ್ಲಿ ಮೊಲವಾಗಲಿ ಹಂದಿಯಾಗಲಿ ಇರಲಿಲ್ಲ. "ಛೂ" ಎಂದಮೇಲೆ ಓಡುವುದು ತನ್ನ ಕೆಲಸ, ಮೊಲ ಒದಗಿಸುವುದು ಮನುಷ್ಯರ ಕೆಲಸ ಎಂಬುದು ಬಾಣನ ನಿಲುವು. ದೇಸಾಯರು ಪಂಚೆ ಮೇಲೆತ್ತಿ ಕಟ್ಟಿ ಹಿಂದೆ ಓಡಿದರು.

ಅವರು ಬರುವವರೆಗೆ ಮಾತು ಕ್ಷೌರದ ಕಡೆ ಹೊರಳಿತು. ಕೋಕೋವನ್ನು ಹಿಂದಿನ ದಿನವಷ್ಟೇ ನಾಯಿಗಳ ಸಲೂನಿಗೆ ಕರೆದೊಯ್ದಿದ್ದರಂತೆ. ಸ್ನಾನ, ಕೂದಲು, ಉಗುರು, ಕಿವಿ ಎಲ್ಲ ಸೇರಿ 1,800 ರೂಪಾಯಿ. ನನ್ನ ಕೈ ತಾನಾಗಿ ನನ್ನ ತಲೆಗೆ ಹೋಯಿತು. ನನಗೆ 120 ರೂಪಾಯಿ, ಅದರಲ್ಲೇ ಕೊನೆಗೆ ಕತ್ತು ತಿರುಗಿಸಿ ಲಟಕ್ ಎನಿಸುವುದೂ ಸೇರಿದೆ.

"ಶಿ ತ್ಸುವಿನ ಕೂದಲು ಮನುಷ್ಯರದರಂತೆ ಬೆಳೆಯುತ್ತಲೇ ಇರುತ್ತದೆ" ಎಂದು ಕೋಕೋ ಅಮ್ಮ ವಿವರಿಸಿದರು. "ದಿನಾ ಬಾಚಬೇಕು. ಎರಡು ದಿನ ಬಿಟ್ಟರೆ ಕಿವಿಯ ಹಿಂದೆ, ಕಂಕುಳಲ್ಲಿ ಗಂಟು ಬೀಳುತ್ತದೆ. ಗಂಟು ಇದ್ದ ಹಾಗೇ ಸ್ನಾನ ಮಾಡಿಸಿದರೆ ಇನ್ನೂ ಬಿಗಿಯಾಗುತ್ತದೆ. ಮೊದಲು ಬಾಚಿ, ಆಮೇಲೆ ನೀರು. ನನ್ನ ಮಗಳಿಗೆ ಜಡೆ ಹಾಕುವಾಗಲೂ ನಾನು ಇಷ್ಟು ತಾಳ್ಮೆ ತೋರಿಸಿರಲಿಲ್ಲ. ಅವಳು ಅದನ್ನು ಈಗ ಲಂಡನ್ನಿನಿಂದ ಫೋನ್ ಮಾಡಿ ನೆನಪಿಸುತ್ತಾಳೆ."

"ನಮ್ಮ ಶ್ಯಾಡೋನ ತಲೆಯನ್ನೂ ಮೈಯನ್ನೂ ಸೇರಿಸಿ ಬೋಳಿಸಿಬಿಡಬಾರದೇ? ಸೆಕೆಗೆ ಒಳ್ಳೆಯದು" ಎಂದರು ರಾಯರು.

ಹುಡುಗ ಬೆಚ್ಚಿಬಿದ್ದ. "ಹಾಗೆ ಮಾಡಲೇಬಾರದು ಅಂಕಲ್. ಇದಕ್ಕೆ ಎರಡು ಪದರ ಕೂದಲು. ಒಳಗಿನದು ಉಣ್ಣೆಯಂತೆ, ಹೊರಗಿನದು ಬಿಸಿಲು ತಡೆಯುವುದಕ್ಕೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಸರಿಯಾಗಿ ಬರುತ್ತದೆ ಎಂಬ ಖಾತರಿಯೂ ಇಲ್ಲ. ಉದುರಿದ ಒಳಗೂದಲನ್ನು ಬಾಚಿ ತೆಗೆಯುತ್ತಿರಬೇಕು, ಅಷ್ಟೇ." ಉದುರುವ ಕಾಲದಲ್ಲಿ ಅವನ ಮನೆಯಲ್ಲಿ ದಿನಕ್ಕೊಂದು ಚೀಲ ಕೂದಲು ಬರುತ್ತದೆ. ಒಮ್ಮೆ ಅವನು ಪ್ರೀತಿಯಿಂದ ತಂದುಕೊಟ್ಟ ಬಿಸಿಬೇಳೆಬಾತಿನಲ್ಲಿ ನನಗೊಂದು ಬಿಳಿಯ ಎಳೆ ಸಿಕ್ಕಿತ್ತು. ಶಾವಿಗೆ ಎಂದುಕೊಂಡು ತಿಂದೆ. ಬಿಸಿಬೇಳೆಬಾತಿಗೆ ಶಾವಿಗೆ ಏಕೆ ಹಾಕುತ್ತಾರೆ ಎಂದು ಕೇಳಿಕೊಂಡದ್ದು ರಾತ್ರಿ ಮಲಗಿದ ಮೇಲೆ.

ಗುಂಡನಿಗೆ ಸಲೂನಿಲ್ಲ. ಅವನ ಅಭ್ಯಂಜನ ತಿಂಗಳಿಗೊಮ್ಮೆ ನಮ್ಮ ಹಿತ್ತಲಿನಲ್ಲಿ. "ಸ್ನಾನ" ಎಂಬ ಪದವನ್ನು ಮನೆಯಲ್ಲಿ ಉಚ್ಚರಿಸುವಂತಿಲ್ಲ. ಕೇಳಿದ ಕೂಡಲೇ ಮಂಚದ ಕೆಳಗೆ ಸೇರುತ್ತಾನೆ. ಕೆಲವು ದಿನ ಇಂಗ್ಲಿಷಿನಲ್ಲಿ ಹೇಳಿದೆವು, ಅದನ್ನೂ ಕಲಿತ. ಈಗ ಹೆಂಡತಿ "ಕಾರ್ಯಕ್ರಮ ಯಾವಾಗ?" ಎಂದು ಕೇಳುತ್ತಾಳೆ. ಮೂರು ಜನ, ಎರಡು ಬಕೆಟ್, ನಾಯಿಗೆಂದೇ ತಂದ ಶಾಂಪೂ. ನನ್ನ ಶಾಂಪೂ ಅವನ ಚರ್ಮಕ್ಕೆ ಒಗ್ಗುವುದಿಲ್ಲ ಎಂದು ಪಶುವೈದ್ಯರು ಹೇಳಿದ್ದಾರೆ. ಅವನದು ನನ್ನ ತಲೆಗೆ ಒಗ್ಗುತ್ತದೆ ಎಂಬುದನ್ನು ಒಂದು ದಿನ ಕನ್ನಡಕವಿಲ್ಲದೆ ಬಚ್ಚಲಿಗೆ ಹೋಗಿ ನಾನೇ ಕಂಡುಕೊಂಡೆ. ಸ್ನಾನ ಮುಗಿದೊಡನೆ ಅವನು ಒಮ್ಮೆ ಮೈ ಕೊಡವಿದರೆ ನಮ್ಮ ಮೂವರ ಸ್ನಾನವೂ ಮುಗಿಯುತ್ತದೆ. ಬಳಿಕ ಮನೆಯೊಳಗೆ ಹುಚ್ಚೆದ್ದು ಹತ್ತು ಸುತ್ತು ಓಡಿ, ಹಿತ್ತಲಿನ ಮಣ್ಣಿನಲ್ಲಿ ಹೊರಳಿ, ಸ್ನಾನಕ್ಕೆ ಮುಂಚಿನ ಸ್ಥಿತಿಗೆ ಮರಳುತ್ತಾನೆ.

ಉಗುರಿನ ವಿಷಯದಲ್ಲಿ ಮಾತ್ರ ನಾನು ಸಲೂನಿನವರಿಗೆ ಕೈಮುಗಿಯುತ್ತೇನೆ. ಗುಂಡನ ಉಗುರು ಕಪ್ಪು, ಒಳಗಿನ ರಕ್ತನಾಳ ಕಾಣಿಸುವುದಿಲ್ಲ. ಒಮ್ಮೆ ನಾನೇ ಧೈರ್ಯ ಮಾಡಿ ಕತ್ತರಿಸಿ, ಒಂದು ಕೂದಲೆಳೆಯಷ್ಟು ಹೆಚ್ಚಾಗಿ, ರಕ್ತ ಚಿಮ್ಮಿತು. ಜೋಳದ ಹಿಟ್ಟು ಒತ್ತಿ ಹಿಡಿದರೆ ನಿಲ್ಲುತ್ತದೆ ಎಂದು ಕೇಳಿದ್ದೆ. ಅದು ಕಾರ್ನ್‌ಫ್ಲೋರ್ ಎಂಬುದು ಗೊತ್ತಿರಲಿಲ್ಲ. ಹೆಂಡತಿ ಬಿಳಿಜೋಳದ ರೊಟ್ಟಿ ಹಿಟ್ಟಿನ ಡಬ್ಬವನ್ನೇ ತಂದಳು. ಗುಂಡ ನೋವು ಮರೆತು ಔಷಧಿಯನ್ನು ನೆಕ್ಕಿ ಮುಗಿಸಿದ.

ದೇಸಾಯರು ಏದುಸಿರು ಬಿಡುತ್ತ ಮರಳಿದರು. ಬಾಣ ಅವರಿಗಿಂತ ಮೊದಲೇ ಬಂದು ಬೆಂಚಿನ ಕೆಳಗೆ ಮಲಗಿತ್ತು. ದೇಸಾಯರು ರಾಯರ ಮುಖ ನೋಡಲಿಲ್ಲ. ನಾಯಿಯ ಕಿವಿ ಮಡಚಿ ಉಣ್ಣಿ ಹುಡುಕತೊಡಗಿದರು. ಮಳೆಗಾಲದಲ್ಲಿ ಇದು ನಮ್ಮೆಲ್ಲರ ಜಪ. ಕೈ ತಾನಾಗಿ ಕಿವಿ, ಕತ್ತು, ಬೆರಳುಗಳ ಸಂದು ಎಂದು ಓಡುತ್ತಿರುತ್ತದೆ. ಎರಡು ವರ್ಷದ ಹಿಂದೆ ಸ್ನೋಯಿಗೆ ಉಣ್ಣಿ ಜ್ವರ ಬಂದು ನಾಲ್ಕು ದಿನ ಅನ್ನ ಮುಟ್ಟಿರಲಿಲ್ಲ. ರಾಯರೂ ಮುಟ್ಟಿರಲಿಲ್ಲ. ಅದನ್ನು ಅವರು ಯಾರಿಗೂ ಹೇಳಿಲ್ಲ, ಅವರ ಮನೆಯವರು ಹೇಳಿದ್ದು.

"ಒಟ್ಟಿನಲ್ಲಿ ಈ ಬೆಂಚಿನಲ್ಲಿ ವಂಶಾವಳಿ ಇಲ್ಲದವನು ಗುಂಡ ಒಬ್ಬನೇ" ಎಂದು ರಾಯರು ಮಾತು ತಿರುಗಿಸಿದರು. "ಖಾರಾಬಾತು ಅರ್ಧ, ಕೇಸರಿಬಾತು ಅರ್ಧ. ಚೌಚೌ ಬಾತ್."

"ಚೌ ಚೌ ಎಂಬ ನಾಯಿಯೂ ಇದೆ ಅಂಕಲ್, ಚೀನಾದ್ದು. ನಾಲಿಗೆ ನೀಲಿಗಪ್ಪು..." ಎಂದು ಹುಡುಗ ಶುರುಮಾಡಿದ. ನಾವೆಲ್ಲ ಕೈಸನ್ನೆಯಿಂದ ತಡೆದೆವು.

"ವಂಶಾವಳಿ ಇಲ್ಲ ಎಂದು ಯಾರು ಹೇಳಿದರು?" ಎಂದರು ಮೇಷ್ಟ್ರು. "ಆತಕೂರು ಶಾಸನ ಓದಿಲ್ಲವೇ? ಕ್ರಿ.ಶ. 949ರ ಸುಮಾರಿನದು. ಮದ್ದೂರಿನ ಹತ್ತಿರದ ಊರು. ತಕ್ಕೋಲದ ಯುದ್ಧದಲ್ಲಿ ಗಂಗರ ದೊರೆ ಬೂತುಗನ ಆಳು ಮಣಲೇರ ವೀರನಾಗಿ ಹೋರಾಡಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಕಾಳಿ ಎಂಬ ನಾಯಿಯನ್ನು ಕೊಡಿ ಎಂದ!"

"ಅವನ ಹೆಂಡತಿ ಏನೆಂದಳು?" ಎಂದು ಕೋಕೋ ಅಮ್ಮ ಕೇಳಿದರು.

"ಶಾಸನದಲ್ಲಿ ಅದಿಲ್ಲ. ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂಟಲಿ ಎಂದು ಬರೆಸಿದರು. ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ."

ಗುಂಡ ಈ ಆರು ವರ್ಷದಲ್ಲಿ ಮಾಡಿದ ಪಾಪಗಳನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮೂರು ಜೊತೆ ಚಪ್ಪಲಿ, ಒಂದು ಸೋಫಾ, ಸತ್ಯನಾರಾಯಣ ಪೂಜೆಯ ಸಪಾದ ಪೂರ್ತಿ. ಗೊರವನ ಮೇಲೆ ಕನಿಕರವಾಯಿತು.

ಆಗ ಗೇಟಿನಿಂದ ಹೊಸ ಬಾಡಿಗೆದಾರರೊಬ್ಬರು ಮಗುವಿನ ಕೈ ಹಿಡಿದು ಬಂದರು. ಸ್ನೋಯಿ, ಕೋಕೋ, ಶ್ಯಾಡೋ, ಬಾಣ ಎಲ್ಲವನ್ನೂ ನೋಡಿ, ಕೊನೆಗೆ ಒಂದು ಕಿವಿ ಎದ್ದ, ಚಕ್ಕುಲಿ ಬಾಲದ ಗುಂಡನ ಮುಂದೆ ನಿಂತರು.

"ಸರ್, ಇದು ಬಹಳ ವಿಶೇಷವಾಗಿದೆ. ಯಾವ ಜಾತಿ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಆತಕೂರು ಹೌಂಡ್. ಸಾವಿರ ವರ್ಷದ ದಾಖಲೆ ಇದೆ" ಎಂದರು.

ಅವರು ಮೊಬೈಲ್ ತೆಗೆದು ಬರೆದುಕೊಂಡರು. "ಮರಿ ಎಲ್ಲಿ ಸಿಗುತ್ತದೆ?"

"ಮದ್ದೂರಿನ ಕಡೆ" ಎಂದರು ದೇಸಾಯರು. "ವಡೆ ತಿನ್ನಲು ಇಳಿದಾಗ ಸುತ್ತಮುತ್ತ ನೋಡಿ. ಬೇಕಾದಷ್ಟು ಓಡಾಡುತ್ತಿರುತ್ತವೆ."

"ಎಲ್ಲ ಚೆನ್ನಾಗಿದೆ" ಎಂದು ಅವರು ಗುಂಡನ ಹಿಂಭಾಗವನ್ನು ಸ್ವಲ್ಪ ಅನುಮಾನದಿಂದ ನೋಡಿದರು. "ಬಾಲ ಮಾತ್ರ ಹೀಗೇ ಇರುತ್ತದೆಯೇ?"

ಬೆಂಚಿನವರೆಲ್ಲ ನನ್ನ ಮುಖ ನೋಡಿದರು.

"ಚಿಂತೆ ಮಾಡಬೇಡಿ ಸರ್" ಎಂದೆ. "ಮೂರು ತಿಂಗಳಲ್ಲಿ ನೆಟ್ಟಗಾಗುತ್ತದೆ."