‘ಒಣಗಲು ಬಿಡಿ’ ಬದಲು ಏನು ಬರೆಯಲಿ?

ನಮಸ್ಕಾರ ಎಲ್ಲರಿಗೂ. ಒಂದು ಪದ ಬೇಕಾಗಿದೆ, ನಾಲ್ಕು ದಿನದಿಂದ ತಲೆ ತಿನ್ನುತ್ತಿದೆ.

ಬೆಳಗಾವಿಯ ಆಟೋ ನಗರದಲ್ಲಿ ನನ್ನ ಗೆಳೆಯನದೊಂದು ಗ್ಯಾರೇಜಿದೆ. ಕಾರಿನ ಇಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಆಯಿಲ್ ಸೋರದಂತೆ ಏನೇನು ನೋಡಿಕೊಳ್ಳಬೇಕು ಅಂತ ಅಲ್ಲಿಯ ಹುಡುಗರಿಗೆ ಒಂದು ಪುಟ ಬರೆದುಕೊಡಲು ಕೂತೆ. ಹಳೆ ಪ್ಯಾಕಿಂಗ್ (ಎರಡು ಭಾಗಗಳ ನಡುವೆ ಕೂರಿಸುವ ಗ್ಯಾಸ್ಕೆಟ್) ಚೂರೂ ಉಳಿಯದಂತೆ ತೆಗೆಯಿರಿ, ಅಲ್ಯುಮಿನಿಯಂ ಮೇಲೆ ಗೀರು ಬೀಳಬಾರದು, ಎಣ್ಣೆ ಪಸೆ ಇರಬಾರದು, ಬೋಲ್ಟುಗಳನ್ನು ಒಂದೇ ಏಟಿಗೆ ಬಿಗಿಯಬೇಡಿ... ಇದೆಲ್ಲ ಸಲೀಸಾಗಿ ಬಂತು. ಜೋಡಣೆಯ ಸಂದಿಯಲ್ಲಿ ಆಯಿಲ್ ಸೋರದಂತೆ ಹಚ್ಚುವ ಸಿಲಿಕಾನ್ ಪೇಸ್ಟಿನ ಹತ್ತಿರ ಸಿಕ್ಕಿಬಿದ್ದೆ.

‘ಚೇಂಬರ್ ಕೂರಿಸಿದ ಮೇಲೆ 24 ಗಂಟೆ ಒಣಗಲು ಬಿಡಿ’ ಅಂತ ಬರೆದಿದ್ದೆ. (ಚೇಂಬರ್ ಅಂದರೆ ಇಂಜಿನ್ ಕೆಳಗಿನ ಆಯಿಲ್ ತಟ್ಟೆ. ಗ್ಯಾರೇಜಿನಲ್ಲಿ ಬೇರೆ ಹೆಸರು ಹೇಳಿದರೆ ನಗ್ತಾರೆ.) ಆದರೆ ಈ ಪೇಸ್ಟು ಒಣಗೋದೇ ಇಲ್ಲ! ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ರಬ್ಬರ್ ಆಗುತ್ತದೆ, ಅದೂ ಹೊರಗಿನಿಂದ ಒಳಕ್ಕೆ, ನಿಧಾನವಾಗಿ. ಬಟ್ಟೆ ಒಣಗುವುದಕ್ಕೆ ಪೂರಾ ಉಲ್ಟಾ, ಅಲ್ವಾ?

ಇದು ಸುಮ್ನೆ ಪದದ ಜಗಳ ಅಲ್ಲ. ಹೋದ ತಿಂಗಳು ಒಬ್ಬ ಹುಡುಗ ಚೇಂಬರ್ ಕೂರಿಸಿ, ಅಂಚಿಗೆ ಹೊರಬಂದ ಪೇಸ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, ‘ಕೈಗೆ ಹತ್ತಂಗಿಲ್ರಿ ಸರ್, ಒಣಗೇತಿ’ ಅಂದ. ಒಂದು ತಾಸಿನಲ್ಲೇ ಆಯಿಲ್ ಹಾಕಿಬಿಟ್ಟ. ಮಾರನೆ ದಿನ ಕಾರಿನ ಕೆಳಗೆ ರೂಪಾಯಿಯಷ್ಟು ಅಗಲದ ಕಪ್ಪು ಕಲೆ. ಮೇಲೆ ಹತ್ತು ನಿಮಿಷಕ್ಕೇ ಪೊರೆ ಕಟ್ಟಿತ್ತು, ಒಳಗಿನ್ನೂ ಹಸಿ. ಅವನದೇನು ತಪ್ಪು? ಕೈಗೆ ಹತ್ತದಿದ್ದರೆ ಒಣಗಿದೆ ಅಂತಲೇ ನಮ್ಮ ಲೆಕ್ಕ. ಇನ್ನೊಬ್ಬ ಪೇಸ್ಟ್ ಹಚ್ಚಿದ ಚೇಂಬರನ್ನು ಕೂರಿಸುವ ಮೊದಲೇ ಬಿಸಿಲಿಗೆ ಇಟ್ಟಿದ್ದ, ಶಾವಿಗೆ ಒಣಹಾಕಿದ ಹಾಗೆ. ಜೋಡಿಸುವ ಮುಂಚೆ ಪೊರೆ ಕಟ್ಟಿದರೆ ಎದುರಿನ ಲೋಹಕ್ಕೆ ಅದು ಸರಿಯಾಗಿ ಹಿಡಿಯೋದಿಲ್ಲ.

ಹಾಗಾದರೆ ಏನನ್ನಬೇಕು? ‘ಗಟ್ಟಿಯಾಗಲಿ’ ಅನ್ನಬಹುದು, ಆದರೆ ಅದು ಕಲ್ಲಿನಂತೆ ಗಟ್ಟಿಯಾಗೋದಲ್ಲ, ಬಳುಕುವ ರಬ್ಬರ್ ಆಗಬೇಕು. ‘ಹೆಪ್ಪುಗಟ್ಟಲಿ’ ನನಗೆ ಇಷ್ಟ, ಯಾಕಂದ್ರೆ ಹಾಲು ಮೊಸರಾಗುವಾಗಲೂ ಒಣಗೋದಿಲ್ಲ, ಒಳಗೇ ಬದಲಾಗುತ್ತದೆ, ನಡುವೆ ಅಲುಗಾಡಿಸಿದರೆ ಕೆಡುತ್ತದೆ. ಗ್ಯಾರೇಜಿನಲ್ಲಿ ಮೊಸರಿನ ಮಾತು ಹೊಂದುತ್ತಾ ಅನ್ನೋದೇ ಅನುಮಾನ. ಇಂಗ್ಲಿಷಿನಲ್ಲಿ ಇದಕ್ಕೆ ಅನ್ನೋದು ‘ಕ್ಯೂರಿಂಗ್’. ಆ ಪದ ಹುಡುಗರಿಗೆ ಗೊತ್ತು, ಆದರೆ ಸ್ಲ್ಯಾಬಿಗೆ ನೀರು ಹೊಡೆಯೋದು ಅಂತ! ನನ್ನ ಮನಸ್ಸು ‘ಬಲಿಯಲಿ’ ಕಡೆ ವಾಲುತ್ತಿದೆ. ಕಾಯಿ ಬಲಿತ ಹಾಗೆ ಪೇಸ್ಟು ಬಲಿಯುತ್ತದೆ, ಸಿಪ್ಪೆ ನೋಡಿ ಒಳಗೆ ಬಲಿತಿದೆ ಅನ್ನೋಕಾಗಲ್ಲ. ಗೆಳೆಯನಿಗೆ ಹೇಳಿದೆ. ‘ಯಾರನ್ನ ಬಲಿ ಕೊಡೂದೈತಿ?’ ಅಂದ.

ಇದೇ ಪುಟದಲ್ಲಿ ಇನ್ನೊಂದು ಪದವನ್ನು ಹುಡುಗರೇ ತಿದ್ದಿದರು. ಹನಿ ಬೀಳದೆ, ಪ್ಯಾಕಿಂಗ್ ಸುತ್ತ ಧೂಳು ಮೆತ್ತಿ ಒದ್ದೆಯಾಗಿದ್ದರೆ ‘ಜಿನುಗು’ ಅಂತ ಬರೆದಿದ್ದೆ. ಅವರ ಮಾತು ‘ಬೆವರಾಕತ್ತೈತಿ’. ಹನಿ ಬಿದ್ದರೆ ಮಾತ್ರ ‘ಸೋರಾಕತ್ತೈತಿ’. ನನ್ನದನ್ನು ಹೊಡೆದುಹಾಕಿ ಅವರದ್ದನ್ನೇ ಇಟ್ಟೆ.

ನಿಮ್ಮ ಕಡೆ ಎರಡು ಟ್ಯೂಬಿನ ಗಮ್ ಕಲಸಿ ಹಚ್ಚುವ ಬಡಗಿಗಳು, ಪ್ಲಂಬರುಗಳು ಇದಕ್ಕೆ ಏನಂತಾರೆ? ಕೇಳಿ ತಿಳಿಸಿ. ಪುಟ ಇನ್ನೂ ಗೋಡೆಗೆ ಅಂಟಿಸಿಲ್ಲ.